ದಾಂಪತ್ಯ ಸುಧಾರಣೆಗೆ ಒಂದು ವಾರ ರಜೆ

ಗುಂಡ್ಲುಪೇಟೆ

ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ನಾನು ಆ ಪೈಕಿ ಅಲ್ಲ. ಯಾರಾದರೂ ಪುಕ್ಕಟೆ ಏನಾದರೂ ಕೊಡುತ್ತೇನೆಂದರೆ ಮೊದಲು ಅವರ ಗಾಡಿಯ ಡಿಕ್ಕಿ ತೆಗೆಸಿ ನೋಡಬೇಕು ಅನ್ನಿಸುತ್ತದೆ. ಹದಿನೆಂಟು ವರ್ಷ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿರುವ ಹೆಂಗಸಿಗೆ ಬರುವ ಬುದ್ಧಿ ಇದು. ಅದರಲ್ಲಿ ಆರು ವರ್ಷ ಕೇರಳದ ರಸ್ತೆಯ ಗೇಟಿನಲ್ಲೇ ಕಳೆದಿದ್ದೇನೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದ ಮೇಲೆ ಬರುವ ಪ್ರತಿಯೊಂದು ಕಾರಿನವನಿಗೂ ಊರಲ್ಲಿ ಒಂದು ಮದುವೆಯೋ ಒಂದು ಸಾವೋ ಇದ್ದೇ ಇರುತ್ತದೆ. ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ.

ನಮ್ಮೆಜಮಾನರು ನನಗೆ ತದ್ವಿರುದ್ಧ. ಮಹದೇವಸ್ವಾಮಿ ಅಂತ ಹೆಸರು, ಉಡಿಗಾಲದವರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಓಡಾಡುವ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸಿನಲ್ಲಿ ಯಾರು ಏನು ಹೇಳಿದರೂ ನಂಬುತ್ತಾರೆ. ಮನೆಗೆ ಬಂದರೆ ಟೀವಿ. ಅದರಲ್ಲೂ ಗಂಡ ಹೆಂಡಿರು ಬಂದು ಕಿತ್ತಾಡಿ, ಅತ್ತು, ಕೊನೆಗೆ ತಬ್ಬಿಕೊಳ್ಳುವ ರಿಯಾಲಿಟಿ ಶೋ ಅಂದರೆ ಮುಗಿಯಿತು, ಅವರ ಜೊತೆ ಇವರೂ ಒಂದು ಟವೆಲ್ ನೆನೆಯುವಷ್ಟು ಅಳುತ್ತಾರೆ.

ಹೋದ ವರ್ಷ ಒಂದು ದಿನ ಇವರು ಮೊಬೈಲು ಹಿಡಿದು ಅಡುಗೆ ಮನೆಗೆ ಬಂದು, "ಅಮ್ಮಿ, ನಾವು ಸೆಲೆಕ್ಟ್ ಆಗ್ಬುಟ್ಟೋ ಕಣಾ. ಥಾಯ್ಲೆಂಡು. ಐದು ದಿನ. ಎಲ್ಲಾ ಅವ್ರದ್ದೇಯ" ಅಂದರು.

ಶೋ ಹೆಸರು 'ಎರಡನೇ ಒಸಗೆ'. ಮನಸ್ಸು ಮುರಿದ ದಂಪತಿಗಳನ್ನು ವಿದೇಶಕ್ಕೆ ಕರೆದುಕೊಂಡು ಹೋಗಿ, ಚಿಕಿತ್ಸೆ ಕೊಟ್ಟು, ಮತ್ತೆ ಜೋಡಿ ಮಾಡಿ ಕಳಿಸುತ್ತಾರಂತೆ. ಯಾವುದೋ ಹೊಸ ಆ್ಯಪಿನಲ್ಲಿ ಬರುತ್ತದಂತೆ. ನನ್ನನ್ನು ಒಂದು ಮಾತೂ ಕೇಳದೆ ಇವರು ನಮ್ಮ ಮದುವೆಯ ಫೋಟೋ, ಈಗಿನ ಫೋಟೋ ಎರಡನ್ನೂ ಕಳಿಸಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಖಂಡಿತ ಕನಿಕರಪಟ್ಟಿರಬೇಕು.

ಮನಸ್ಸು ಮುರಿದದ್ದು ಸುಳ್ಳಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮವ್ವ ಚಂದಕವಾಡಿಯಿಂದ ಬಂದು ನಮ್ಮ ಜೊತೆಯೇ ಇದ್ದಳು. ಈ ಶೋಗೆ ಎರಡು ವರ್ಷ ಮುಂಚೆ ನಾನು ಹುಲಿ ಗಣತಿಗೆ ಕಾಡಿನೊಳಗೆ ಹೋಗಿದ್ದಾಗ ಬಚ್ಚಲಿನಲ್ಲಿ ಜಾರಿ ಬಿದ್ದಳು. ತಲೆಗೆ ಏಟು. ಮೂರನೇ ದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮನೆಯಲ್ಲಿ ಆಗ ಇದ್ದವರು ಇವರೊಬ್ಬರೇ. "ಬಿದ್ದ ತಕ್ಷಣ ಎತ್ಕಂಡೆ" ಅಂತ ಎಲ್ಲರ ಮುಂದೆ ಹೇಳಿದರು. ಆದರೆ ಇವರು ಹೇಳಿದ ಹೊತ್ತಿಗೂ ಆಂಬುಲೆನ್ಸ್ ಚೀಟಿಯಲ್ಲಿ ಬರೆದಿದ್ದ ಹೊತ್ತಿಗೂ ಮುಕ್ಕಾಲು ಗಂಟೆ ತಾಳೆಯಾಗಲಿಲ್ಲ. ಲದ್ದಿ ಮುಟ್ಟಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುವವಳು ನಾನು. ಆ ಮುಕ್ಕಾಲು ಗಂಟೆ ಎಲ್ಲಿ ಹೋಯಿತು ಅಂತ ಬಾಯಿಬಿಟ್ಟು ಕೇಳಲಿಲ್ಲ. ಕೇಳದೆಯೇ ಮಾತು ನಿಲ್ಲಿಸಿದೆ. ಊಟ ಆಯ್ತಾ, ಗ್ಯಾಸ್ ಬಂತಾ, ಬಾಗಿಲು ಹಾಕಿದ್ರಾ. ಎರಡು ವರ್ಷ ಇಷ್ಟರಲ್ಲೇ ಸಂಸಾರ ನಡೆಯಿತು. ಮಗಳು ಮದುವೆಯಾಗಿ ನಂಜನಗೂಡಿನಲ್ಲಿದ್ದಳು, ನಡುವೆ ಮಾತು ದಾಟಿಸಲು ಅವಳೂ ಇರಲಿಲ್ಲ.

ಸರ್ಕಾರಿ ನೌಕರರು ಹೊರದೇಶಕ್ಕೆ ಹೋಗಬೇಕಾದರೆ ಅನುಮತಿ ಬೇಕು, ಅರ್ಜಿಯಲ್ಲಿ ಕಾರಣ ಬರೆಯಬೇಕು. ಏನು ಬರೆಯುವುದು? ಕಚೇರಿಯ ಗುಮಾಸ್ತರೇ ನನ್ನ ಪರವಾಗಿ 'ದಾಂಪತ್ಯ ಸುಧಾರಣೆ' ಅಂತ ಬರೆದು, ನಗದೆ ಮುದ್ರೆ ಒತ್ತಿದರು. ಒಂದು ವಾರ ರಜೆ ಸಿಕ್ಕಿತು.

ನಾನು ಎರಡು ಷರತ್ತು ಹಾಕಿದೆ. ವಾಪಸು ಬರುವ ಟಿಕೆಟ್ ಕೈಗೆ ಸಿಗದೆ ಹೊರಡುವುದಿಲ್ಲ. ಪಾಸ್‌ಪೋರ್ಟು ಯಾರ ಕೈಗೂ ಕೊಡುವುದಿಲ್ಲ. ಅವ್ವನ ಎಲೆ ಅಡಿಕೆ ಚೀಲದಲ್ಲಿ ಎರಡೂ ಪಾಸ್‌ಪೋರ್ಟು ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೋಗಿದ್ದಕ್ಕೆ ಒಂದೇ ಕಾರಣ. ಇವರು ಮನೆ ಬಿಟ್ಟು ಹೊರಗೆ ಬಂದರೆ ಆ ಮುಕ್ಕಾಲು ಗಂಟೆ ಎಲ್ಲಾದರೂ ಬಾಯಿಂದ ಜಾರಬಹುದು ಅನ್ನುವ ಆಸೆ.

ಫುಕೆಟ್‌ನಿಂದ ಕ್ರಾಬಿಗೆ

ಫುಕೆಟ್‌ನಲ್ಲಿ ಇಳಿದಾಗ ವಲಸೆ ಅಧಿಕಾರಿಯೊಬ್ಬ ನನ್ನ ಮುಖ ನೋಡಿದ, ಪಾಸ್‌ಪೋರ್ಟ್ ನೋಡಿದ, ಮತ್ತೆ ಮುಖ ನೋಡಿದ. ನನಗೆ ಆತನ ಮೇಲೆ ಗೌರವ ಬಂತು. ಕೆಲಸ ಅಂದರೆ ಹಾಗೆ ಮಾಡಬೇಕು. ನಮ್ಮೆಜಮಾನರನ್ನು ಒಂದು ಸಲವೂ ನೋಡದೆ ಬಿಟ್ಟುಬಿಟ್ಟ.

ಹೊರಗೆ ಶೋದವರ ವ್ಯಾನು ನಿಂತಿತ್ತು. ಅದರಲ್ಲಿ ಕ್ರಾಬಿಗೆ ಮೂರು ಗಂಟೆ ಪ್ರಯಾಣ. ದಾರಿಯುದ್ದಕ್ಕೂ ರಬ್ಬರ್ ತೋಟ, ನಡುನಡುವೆ ನೆಲದಿಂದ ಸೀದಾ ಎದ್ದು ನಿಂತ ಕಲ್ಲುಬೆಟ್ಟಗಳು. ಹಾರ್ನ್ ಹೊಡೆಯುವವರೇ ಇಲ್ಲ. ಇಷ್ಟು ಜನ ಇಷ್ಟು ಸುಮ್ಮನೆ ಹೋಗುತ್ತಿದ್ದಾರೆಂದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಒಂದು ಕಡೆ ಗಾಡಿ ನಿಲ್ಲಿಸಿದಾಗ ರಸ್ತೆ ಬದಿಯ ಹೆಂಗಸು ಮಾವಿನಕಾಯಿ ಹೆಚ್ಚಿ ಉಪ್ಪು ಕಾರದ ಪುಡಿ ಜೊತೆ ಕೊಟ್ಟಳು. ಬಾಯಿಗಿಟ್ಟೆ. ಉಪ್ಪು ಇತ್ತು, ಕಾರ ಇತ್ತು, ಜೊತೆಗೆ ಸಕ್ಕರೆಯೂ ಇತ್ತು. ಇಂಥದ್ದರಲ್ಲಿ ಸಕ್ಕರೆ ಹಾಕುವ ಜನರನ್ನು ಹೇಗೆ ನಂಬುವುದು?

ನಾವು ಇಳಿದುಕೊಂಡದ್ದು ಸಮುದ್ರಕ್ಕೆ ಸ್ವಲ್ಪ ದೂರದ ಒಂದು ದೊಡ್ಡ ಬಂಗಲೆ. ಅಂಗಳದಲ್ಲಿ ಕಂಬದ ಮೇಲೆ ಪುಟ್ಟದೊಂದು ಗುಡಿ. ನಮ್ಮ ಕಿಟಕಿಗೆ ನೇರ ಎದುರು. ಅದು ಆ ಜಾಗದ ದೇವರ ಮನೆಯಂತೆ, ಥಾಯ್ಲೆಂಡಿನಲ್ಲಿ ಪ್ರತಿ ಮನೆಗೂ ಹೊರಗೆ ಒಂದು ಇರುತ್ತದಂತೆ. ಮನೆಯ ಕೆಲಸ ನೋಡಿಕೊಳ್ಳುವ ನೋಯ್ ಅನ್ನುವ ಹೆಂಗಸು ಅದಕ್ಕೆ ಚೆಂಡು ಹೂವಿನ ಹಾರ ಹಾಕಿ, ಕೆಂಪು ಸೋಡಾ ಬಾಟಲಿಗೆ ಸ್ಟ್ರಾ ಸಿಕ್ಕಿಸಿ ಇಡುತ್ತಿದ್ದಳು. ನಮ್ಮ ಗುಂಡ್ಲುಪೇಟೆ ಹೊಲಗಳಲ್ಲಿ ಎಕರೆಗಟ್ಟಲೆ ಬೆಳೆಯುವ ಚೆಂಡು ಹೂವನ್ನು ಇಲ್ಲಿ ದೇವರ ಕೊರಳಲ್ಲಿ ನೋಡಿ ನೆಂಟರನ್ನು ಕಂಡಂತಾಯಿತು. ಸೋಡಾ ಕುಡಿಯುವ ದೇವರ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಕಡೆಯ ಕೆಲವು ದೇವರು ಕುಡಿಯುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಡುಗೆಯವನು ಶಾಜಿ ಅನ್ನುವ ಮಲಯಾಳಿ, ವಯನಾಡಿನವನು, ನಲವತ್ತು ದಾಟಿದವನು. ನನ್ನನ್ನು ನೋಡಿದ್ದೇ ಸೌಟು ಕೆಳಗಿಟ್ಟು, ಅಕ್ಕಾ ಅಂತ ತನ್ನ ಭಾಷೆಯಲ್ಲೇ ಕರೆದ.

"ಚೇಚೀ, ನೀವು ಆ ಗೇಟಿನ ಮೇಡಂ ಅಲ್ಲವಾ?"

"ಯಾವ ಗೇಟು?"

"ಕಾಡಿನ ಗೇಟು. ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಬಂದೆ ಅಂತ ನನ್ನ ತರಕಾರಿ ಗಾಡಿ ಬಿಡಲಿಲ್ಲ. ಬೆಳಿಗ್ಗೆ ಆರರ ತನಕ ಕೂರಿಸಿದ್ರಿ. ಗುಂಡ್ಲುಪೇಟೆಯ ಅಷ್ಟೂ ಟೊಮೆಟೊ ಹಣ್ಣಾಗಿ ಹೋಯ್ತು."

ಕಡಲು ದಾಟಿ ಬಂದರೂ ಕರ್ಮ ಬಿಡಲಿಲ್ಲ ಅಂದುಕೊಂಡೆ. ಅವನು ಮಾತ್ರ ನಕ್ಕು, ನನಗೆ ಎರಡು ಮೀನು ಜಾಸ್ತಿ ಬಡಿಸಿದ. ಆ ಮೀನನ್ನೂ ನಾನು ಮೂಸಿಯೇ ತಿಂದೆ.

ಮೊದಲನೇ ದಿನದ ಚಿಕಿತ್ಸೆ

ನಮ್ಮ ಚಿಕಿತ್ಸೆಗೆ ಬಂದವಳು ಕೋಚ್ ರೇಯಾ ಅನ್ನುವ ಬೆಂಗಳೂರಿನ ಹುಡುಗಿ. ಬಿಳಿ ಬಟ್ಟೆ, ಕೈತುಂಬ ಮಣಿಸರ, ಬಹಳ ಮೆತ್ತಗಿನ ದನಿ. ಅವಳ ಹಿಂದೆ ನಿರ್ದೇಶಕ ನಿಖಿಲ್, ಗಡ್ಡ ಬಿಟ್ಟವನು, ಯಾವಾಗಲೂ ಒಂದು ಕಿವಿಗೆ ಹೆಡ್‌ಫೋನು. ಎದುರಿಗೆ ದೊಡ್ಡ ದೊಡ್ಡ ಕ್ಯಾಮೆರಾಗಳು, ದೀಪಗಳು.

"ಅಮ್ಮಾ, ನಿಮ್ಮ ಬಾಡಿ ಪೂರ್ತಿ ಲಾಕ್ ಆಗಿದೆ. ಯಾರೋ ಕದಿಯೋಕೆ ಬಂದಿದ್ದಾರೆ ಅನ್ನೋ ಥರ ಕೂತಿದ್ದೀರ. ರಿಲೀಸ್ ಮಾಡಿ" ಅಂದಳು ರೇಯಾ.

"ಬಂದಿಲ್ಲ ಅಂತ ಗೊತ್ತಾದ್ಮೇಲೆ ಮಾಡ್ತೀನಿ ಕಣವ್ವ" ಅಂದೆ.

ಮೊದಲ ಚಿಕಿತ್ಸೆ ಗಂಡನ ಕಣ್ಣಲ್ಲಿ ಕಣ್ಣಿಟ್ಟು ನಾಲ್ಕು ನಿಮಿಷ ನೋಡುವುದು. ಕಾಡಿನಲ್ಲಿ ನಮಗೆ ಹೇಳಿಕೊಡುವ ಮೊದಲ ಪಾಠವೇ ಆನೆಯನ್ನು ದಿಟ್ಟಿಸಿ ನೋಡಬಾರದು ಅನ್ನುವುದು. ನೋಡಿದೆ. ಇವರು ಒಂದೂವರೆ ನಿಮಿಷಕ್ಕೆ ಕಣ್ಣು ಕೆಳಗೆ ಹಾಕಿದರು. ಮುಕ್ಕಾಲು ಗಂಟೆಯ ವಿಷಯ ಅಲ್ಲೇ ಎಲ್ಲೋ ರೆಪ್ಪೆಯ ಹಿಂದೆ ಕೂತಿದೆ ಅನ್ನಿಸಿತು.

ಎರಡನೆಯದು ಗಂಟೆ ಬಾರಿಸುವುದು. ಮನಸ್ಸಿನಲ್ಲಿ ಯಾವ ನೋವಿದೆಯೋ ಅದನ್ನು ನೆನೆದು ಕಂಚಿನ ಗಂಟೆಗೆ ಒಂದು ಏಟು ಹಾಕಬೇಕು. ನಮ್ಮೆಜಮಾನರು ಎರಡು ಏಟು ಹಾಕಿದರು. ಯಾಕೆ ಎರಡು ಅಂತ ರೇಯಾ ಕೇಳಿದಳು.

"ಎರಡು ಒಡುದ್ರೇಯ ತಾಯಿ ಗಾಡಿ ಮುಂದಕ್ಕೆ ಓಗೋದು" ಅಂದರು ಇವರು, ಅಪರಾಧ ಮಾಡಿದವರ ಹಾಗೆ.

ಅಳುವ ದೃಶ್ಯಕ್ಕೆ ಮುಂಚೆ ಕಣ್ಣಿನ ಕೆಳಗೆ ಒಂದು ಬಾಮ್ ಹಚ್ಚಿದರು. ಇವರಿಗೆ ಅದರ ಅಗತ್ಯವೇ ಇರಲಿಲ್ಲ, ಡಬ್ಬಿ ತೆಗೆಯುವ ಮೊದಲೇ ಧಾರಾಕಾರ. ನನಗೆ ಮೂರು ಸಲ ಹಚ್ಚಿದರೂ ಬಂದದ್ದು ಬರೀ ಸೀನು. "ಪರವಾಗಿಲ್ಲ, ಅಮ್ಮಾ ಸ್ಟ್ರಾಂಗ್ ಕ್ಯಾರೆಕ್ಟರ್" ಅಂದ ನಿಖಿಲ್. ಕ್ಯಾರೆಕ್ಟರ್ ಅಂದನಲ್ಲ, ಅದು ನನಗೆ ಸರಿ ಕಾಣಲಿಲ್ಲ.

ಸಂಜೆ 'ಸ್ಪರ್ಶ ಚಿಕಿತ್ಸೆ'. ದೊಡ್ಡ ಬಾತ್‌ಟಬ್ಬಿನಲ್ಲಿ ಗುಲಾಬಿ ಪಕಳೆ ಹಾಕಿ, ಇಬ್ಬರೂ ಅದರಲ್ಲಿ ಕೂತು ಒಬ್ಬರಿಗೊಬ್ಬರು ಎಣ್ಣೆ ಹಚ್ಚಬೇಕಂತೆ. ತೆಳ್ಳಗಿನ ನಿಲುವಂಗಿಗಳನ್ನೂ ತಂದಿಟ್ಟಿದ್ದರು, ಹಿಡಿದು ನೋಡಿದರೆ ಆಚೆ ಕಡೆಯ ಗೋಡೆ ಕಾಣುತ್ತಿತ್ತು. ಎಣ್ಣೆ ಸ್ನಾನ ದೀಪಾವಳಿಗೆ ಮಾಡ್ತೀವಿ, ಬಾಗಿಲು ಹಾಕ್ಕೊಂಡು ಮಾಡ್ತೀವಿ ಅಂದೆ. ಕೊನೆಗೆ ನಾನು ಸೀರೆಯಲ್ಲಿ, ಇವರು ಪ್ಯಾಂಟು ಷರಟಿನಲ್ಲಿ ಟಬ್ಬಿನಲ್ಲಿ ಕೂತೆವು. ಹಳ್ಳ ದಾಟುವಾಗ ಬಸ್ಸು ಕೆಟ್ಟು ನಿಂತ ಪ್ರಯಾಣಿಕರ ಹಾಗಿದ್ದೆವು. ಕ್ಯಾಮೆರಾ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ರೇಯಾ ಅವರ ಕಡೆ ಕಣ್ಣು ದೊಡ್ಡದು ಮಾಡಿ, ಮತ್ತೆ ನಮ್ಮ ಕಡೆ ತಿರುಗಿ ಮೆತ್ತಗಾದಳು. ಅಷ್ಟು ಬೇಗ ಮೆತ್ತಗಾಗುವವರನ್ನು ನಾನು ಗೇಟಿನಲ್ಲಿ ಬಹಳ ನೋಡಿದ್ದೇನೆ.

ಎರಡನೇ ದಿನ, ಮಳೆ

ಎರಡನೇ ದಿನ ಊಟದ ಹೊತ್ತಿಗೆ ಮಳೆ ಹಿಡಿಯಿತು. ಹೊರಗಿನ ಚಿತ್ರೀಕರಣ ನಿಲ್ಲಿಸಿ ನಮಗೆ ವಿಶ್ರಾಂತಿ ಕೊಟ್ಟರು. ನಾನು ಕೋಣೆಯಲ್ಲಿ ಒಣಗಿದ ಸೀರೆ ಮಡಿಸುತ್ತಿದ್ದೆ. ಇವರು ಮಂಚದ ತುದಿಯಲ್ಲಿ ಕೂತು, ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡಿದ್ದರು.

"ಅಮ್ಮಿ, ಒಂದ್ ಮಾತು ಯೋಳ್ಬೇಕು."

ನಾನು ತಿರುಗಲಿಲ್ಲ.

"ಅವತ್ತು ನಿಮ್ಮವ್ವ ಬಿದ್ದ ಸದ್ದು ನಂಗೆ ಕೇಳುಸ್ತು. ತಕ್ಷಣ ಏಳ್ನಿಲ್ಲ. ಟೀವಿ ಮುಂದೆ ಕುಂತಿದ್ದೆ. ಬೆಕ್ಕು ಪಾತ್ರೆ ಕೆಡವಿರ್ಬೇಕು ಅನ್ಕಂಡೆ. ಶೋ ಮುಗುದ್ಮ್ಯಾಲೆ ಎದ್ದೋಗಿ ನೋಡುದ್ರೆ ಬಿದ್ದವ್ರೆ. ಅಷ್ಟೊತ್ತಿಗೆ ಮುಕ್ಕಾಲ್ ಗಂಟೆ ಆಗೋಗಿತ್ತು ಕಣಮ್ಮಿ. ತಪ್ಪಾಗೋಯ್ತು."

ಸೀರೆ ನನ್ನ ಕೈಯಲ್ಲೇ ಇತ್ತು. ಎರಡು ವರ್ಷ ಇದೇ ಮಾತಿಗೆ ಕಾದಿದ್ದೆ. ಅದು ಬಂದ ಮೇಲೆ ಏನು ಮಾಡಬೇಕೆಂದು ಯೋಚಿಸಿಯೇ ಇರಲಿಲ್ಲ. ಸಿಟ್ಟು ಬಂತು, ಜೊತೆಗೆ ಹೇಳುವುದಕ್ಕೇ ನಾಚಿಕೆಯಾಗುವಂಥ ಒಂದು ಸಮಾಧಾನವೂ ಆಯಿತು. ನನ್ನ ಲೆಕ್ಕ ತಪ್ಪಿರಲಿಲ್ಲ ಅನ್ನುವ ಸಮಾಧಾನ. ಅವ್ವನ ಸಾವಿನ ಮುಂದೆ ಅಂಥ ಸಮಾಧಾನ ಪಟ್ಟದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ಚಪ್ಪಲಿ ಮೆಟ್ಟಿ ಅಂಗಳಕ್ಕೆ ಹೊರಟೆ. ಮಳೆ ಹನಿ ಹನಿಯಾಗಿತ್ತು.

ಅಲ್ಲಿ ನೋಯ್ ನಿಂತಿದ್ದಳು. ಕೈಯಲ್ಲಿ ಕೆಂಪು ಸೋಡಾ. ಅದನ್ನು ಗುಡಿಯೊಳಗೆ ಇಡದೆ ಕಂಬದ ಬುಡದಲ್ಲಿ, ಕೆಸರಿನ ಪಕ್ಕ ಇಟ್ಟು ಕೈ ಮುಗಿದಳು. ಆ ಮುಖ ನೋಡಿದರೆ ಮನಸ್ಸಿಲ್ಲದೆ ಮಾಡುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಮೊದಲ ದಿನ ಒಳಗಿಟ್ಟವಳು ಇವತ್ತು ಯಾಕೆ ನೆಲಕ್ಕಿಟ್ಟಳು? ದೇವರ ಪಾಲನ್ನು ಕೆಳಗಿಳಿಸಿದ್ದಾಳೆಂದರೆ ದೇವರ ಜಾಗದಲ್ಲಿ ಬೇರೆ ಯಾರೋ ಕೂತಿರಬೇಕು. ಗುಡಿಯ ಕಡೆ ಕೈ ತೋರಿಸಿ ಏನು ಅಂತ ಹುಬ್ಬು ಹಾರಿಸಿದೆ. ಅವಳು ಬಂಗಲೆಯ ಕಡೆ ಒಮ್ಮೆ ನೋಡಿ, ಬೆರಳುಗಳನ್ನು ದುಂಡಗೆ ಮಾಡಿ ಒಂದು ಕಣ್ಣಿಗೆ ಹಿಡಿದಳು.

ಹಾರ ಸರಿಸಿ ನೋಡಿದೆ. ಒಳಗೆ ಕರೀ ಡಬ್ಬಿ, ಅದರ ಕಣ್ಣು ನಮ್ಮ ಕಿಟಕಿಯ ಮೇಲೆ.

ನಾನು ಹುಲಿ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಮರಕ್ಕೆ ಕಟ್ಟುವವಳು. ಕಾಡುದಾರಿಯ ಆಚೆಗೊಂದು, ಈಚೆಗೊಂದು, ಎದುರುಬದುರು ಕಟ್ಟುತ್ತೇವೆ. ಹುಲಿಯ ಎಡಮೈಯ ಪಟ್ಟೆಯೇ ಬೇರೆ, ಬಲಮೈಯ ಪಟ್ಟೆಯೇ ಬೇರೆ, ಎರಡೂ ಬೇಕು. ಒಂದು ಕಂಡರೆ ಎದುರಿಗೆ ಇನ್ನೊಂದು ಇದ್ದೇ ಇರುತ್ತದೆ. ಕೋಣೆಗೆ ವಾಪಸು ಓಡಿದೆ. ಇವರು ಟೀ ಕುಡಿಯಲು ಹೊರಗೆ ಹೋಗಿದ್ದರು. ಕಿಟಕಿಯ ಎದುರು ಗೋಡೆಯ ಗೂಡಿನಲ್ಲಿ ಮರದ ಆನೆ. ಇದೋ ಅಲ್ಲವೋ ಅಂತ ತಿಳಿಯುವುದು ಹೇಗೆ?

ಕಾಡಿನಲ್ಲಾದರೆ ಅದಕ್ಕೊಂದು ಪದ್ಧತಿಯಿದೆ. ಕ್ಯಾಮೆರಾ ಕಟ್ಟಿದ ಮೇಲೆ ನಮ್ಮಲ್ಲೊಬ್ಬರು ಅದರ ಮುಂದೆ ಹುಲಿಯ ಹಾಗೆ ನಾಲ್ಕು ಕಾಲಲ್ಲಿ ನಡೆಯುತ್ತಾರೆ. ಕೆಂಪು ದೀಪ ಮಿಣುಕಿದರೆ ಕ್ಯಾಮೆರಾ ಸರಿಯಾಗಿದೆ ಅಂತ ಅರ್ಥ. ಹಿಂದೆ ಮುಂದೆ ಯೋಚಿಸದೆ ಸೆರಗು ಸಿಕ್ಕಿಸಿ ಅಂಬೆಗಾಲಿಗೆ ಬಿದ್ದೆ. ಕಿಟಕಿಯಿಂದ ಮಂಚಕ್ಕೆ, ಮಂಚದಿಂದ ಕಿಟಕಿಗೆ ನಿಧಾನಕ್ಕೆ, ಭುಜ ಅಲ್ಲಾಡಿಸುತ್ತ, ಪದ್ಧತಿ ಪ್ರಕಾರ ನಡೆದೆ. ಆನೆಯಲ್ಲಿ ಏನೂ ಮಿಣುಕಲಿಲ್ಲ. ನನಗೇ ಎಲ್ಲೋ ತಲೆ ಕೆಟ್ಟಿದೆ ಅಂದುಕೊಂಡು ಎದ್ದೆ.

ಟೀ ಟೇಬಲ್ಲಿಗೆ ಹೋದರೆ ರೇಯಾ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಾ! ಫೆಂಟಾಸ್ಟಿಕ್! ನಿಮ್ಮೊಳಗಿನ ಟೈಗ್ರೆಸ್ ಕೊನೆಗೂ ಹೊರಗೆ ಬಂತು. ಅದೇ ನಮಗೆ ಬೇಕಾಗಿದ್ದು. ನಾಳೆ ಅಂಕಲ್ ಮುಂದೆ ಒಂದ್ಸಲ ಮಾಡಿ."

ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲು ಹಾಕಿತ್ತು. ಮೆಲ್ಲಗೆ ಕೈ ಬಿಡಿಸಿಕೊಂಡೆ.

"ಸರಿ ಕಣವ್ವ, ನಾಳೆ ಮಾಡನ" ಅಂದೆ. ನಕ್ಕೆ ಕೂಡ.

ಅದೇ ದಿನ, ಅಡುಗೆ ಮನೆ

ಶಾಜಿ ಈರುಳ್ಳಿ ಹೆಚ್ಚುತ್ತಿದ್ದ. ಎದುರಿಗೆ ನಿಂತು ಕೇಳಿದೆ. "ನಿಜ ಯೋಳಪ್ಪ. ಈ ಶೋದವ್ರು ನಮ್ಮ ಕೋಣೆ ಒಳಗೆ ಯಾಕೆ ಕ್ಯಾಮೆರಾ ಇಟ್ಟವ್ರೆ?"

ಅವನು ಕತ್ತಿ ಕೆಳಗಿಟ್ಟ. "ಚೇಚೀ, ಎಲ್ಲರೂ ಗೊತ್ತಿದ್ದೇ ಬರ್ತಾರೆ ಅಂದುಕೊಂಡೆ ನಾನು." ಫೋನು ತೆಗೆದು ಒಂದು ವಿಡಿಯೋ ತೋರಿಸಿದ. ಇದಕ್ಕೆ ಹಿಂದಿನ ಜೋಡಿಯದ್ದಂತೆ, ಜಾಹೀರಾತಿನ ತುಣುಕು.

ಮೊದಲು ಆಂಬುಲೆನ್ಸ್ ಸದ್ದು. ಮೂಲೆಯಲ್ಲಿ ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಮಾತ್ರ ಅನ್ನುವ ಗುರುತು. ಆಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, 'ಎರಡನೇ ಒಸಗೆ' ಅಲ್ಲ, 'ಹಾಸಿಗೆ ಆಸ್ಪತ್ರೆ'. ನಮ್ಮ ರೇಯಾ ಗಿಡ್ಡ ಲಂಗದ ನರ್ಸ್ ವೇಷದಲ್ಲಿ ಸ್ಟೆತಾಸ್ಕೋಪು ತಿರುಗಿಸುತ್ತ ಬಂದಳು. ಅವಳು ಕೋಚೂ ಅಲ್ಲ, ಏನೂ ಅಲ್ಲ, ನಟಿ. ನಮ್ಮ ವಯಸ್ಸಿನ ಗಂಡ ಹೆಂಡತಿ ಇದೇ ಮಂಚದ ಮೇಲೆ ಕೂತು ಏನೋ ಮಾತಾಡುತ್ತಿದ್ದರು. ಹೆಂಗಸು ಕಣ್ಣು ಒರೆಸಿಕೊಂಡಳು. ಆಗ ಪರದೆಯ ಕೆಳಗೆ ಇಬ್ಬರು ಹಾಸ್ಯಗಾರರ ಮುಖ ಮೂಡಿ, ಅವಳ ಅಳುವನ್ನು ಅಣಕಿಸಿ, ಹೇಳಬಾರದ ಮಾತು ಸೇರಿಸಿ ನಕ್ಕರು. ಹಿಂದಿನಿಂದ ನೂರಾರು ಜನ ನಕ್ಕ ಸದ್ದು.

ನಾನು ಅಂಬೆಗಾಲಿಟ್ಟದ್ದಕ್ಕೆ ನಕ್ಕರೆ ನಗಲಿ. ಟಬ್ಬಿಗೂ ನಗಲಿ. ಆದರೆ ಮಧ್ಯಾಹ್ನ ಆ ಕೋಣೆಯಲ್ಲಿ ನಮ್ಮೆಜಮಾನರ ಮಾತಿನಲ್ಲಿ ಅವ್ವ ಇನ್ನೊಮ್ಮೆ ಬಿದ್ದಿದ್ದಳು. ಅದಕ್ಕೂ ಇದೇ ನಗು ಸೇರಿಸುತ್ತಾರೆ ಅನ್ನುವುದು ತಲೆಗೆ ಬಂದ ತಕ್ಷಣ ಫೋನನ್ನು ಆಚೆ ತಳ್ಳಿದೆ.

"ಮಧ್ಯಾಹ್ನ ನಮ್ಮ ಕೋಣೇಲಿ ಆಗಿದ್ದನ್ನ ಅವರು ನೋಡಿಬಿಟ್ಟವ್ರಾ?"

"ಸುಮ್ಮನೆ ಆಗಾಗ ಟೀವಿಯಲ್ಲಿ ಇಣುಕ್ತಾರೆ, ಅಷ್ಟೆ. ಮಧ್ಯಾಹ್ನ ಎಲ್ಲ ಊಟಕ್ಕೆ ಇಲ್ಲೇ ಇದ್ದರು. ರಾತ್ರಿ ಊಟ ಮುಗಿದ ಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕ್ತಾರೆ."

ರಾತ್ರಿಯ ಊಟಕ್ಕೆ ಇನ್ನೂ ಎರಡು ಗಂಟೆಯಿತ್ತು. ಕಾರ್ಡು ತೆಗೆಯುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆನೆ ಮಂದೆ ಹತ್ತಿರದಲ್ಲಿದ್ದಾಗ ಒಂದೇ ಉಸಿರಿನಲ್ಲಿ ತೆಗೆದುಕೊಂಡು ಓಡಿದವಳು. ಮರದ ಆನೆಯನ್ನು ಬೋರಲು ಹಾಕಿದೆ, ಹೊಟ್ಟೆಯಲ್ಲಿ ಮುಚ್ಚಳವಿತ್ತು, ಉಗುರು ಸಾಕಾಯಿತು. ಅಂಗಳಕ್ಕೆ ಬಂದು ಗುಡಿಯ ಮುಂದೆ ನಿಂತಾಗ ಕೈ ಹಾಕಲು ಹಿಂಜರಿದೆ, ಎಷ್ಟಾದರೂ ಬೇರೆಯವರ ದೇವರು. ನೋಯ್ ನನ್ನನ್ನು ನೋಡಿ ಬಂದಳು. ತಾನೇ ಕೈ ಹಾಕಿ ಡಬ್ಬಿಯನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ಕಾರ್ಡು ತೆಗೆದುಕೊಂಡು ಡಬ್ಬಿ ವಾಪಸು ಕೊಟ್ಟೆ. ಅವಳು ಅದನ್ನು ಕಸದ ಬಕೆಟ್ಟಿಗೆ ಹಾಕಿ, ಸೋಡಾ ಬಾಟಲಿಯ ತಳ ಒರೆಸಿ ಗುಡಿಯೊಳಗೆ ಇಟ್ಟು, ಬಾಗಿ ಕೈ ಮುಗಿದಳು. ನಾನೂ ಮುಗಿದೆ.

ನಿಖಿಲ್‌ಗೆ ನಾನೇ ಹೋಗಿ ಹೇಳಿದೆ. ಕದ್ದು ಓಡುವುದು ನನ್ನ ಜಾಯಮಾನವಲ್ಲ. ಅವನು ನಮ್ಮೆಜಮಾನರು ಸಹಿ ಹಾಕಿದ್ದ ಕರಾರು ಪತ್ರ ಕುಣಿಸಿದ. ಮೂವತ್ತು ಪುಟ, ಎಲ್ಲ ಇಂಗ್ಲಿಷು.

"ಇದ್ರಲ್ಲಿ 'ಹಾಸಿಗೆ ಆಸ್ಪತ್ರೆ' ಅಂತ ಎಲ್ಲಿ ಬರ್ದದೆ ತೋರ್ಸಪ್ಪ" ಅಂದೆ. "ತೋರ್ಸು, ಕಾರ್ಡು ಕೊಡ್ತೀನಿ."

ಅವನು ಪುಟ ಮಗುಚಿದ. ಮಗುಚುತ್ತಲೇ ಇದ್ದ. ಆ ಹೆಸರು ಅದರಲ್ಲಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ರೇಯಾ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಮೆತ್ತಗಿನ ದನಿ ಹೋಗಿ, "ಆಂಟಿ, ನನ್ನದೂ ಇದು ಹೊಟ್ಟೆಪಾಡು" ಅಂದಳು. ಅಲ್ಲಿ ನಾನು ಕೇಳಿದ ಮಾತುಗಳಲ್ಲಿ ನಿಜ ಅನ್ನಿಸಿದ್ದು ಅದೊಂದೇ.

ನಮ್ಮೆಜಮಾನರು ಮಾತ್ರ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನನಗೆ ಆಗ ಹುಟ್ಟಿದ ಅನುಮಾನ ಎಲ್ಲಕ್ಕಿಂತ ಕೆಟ್ಟದ್ದು.

ಮತ್ತೆ ಫುಕೆಟ್

ಮಗಳು ನಂಜನಗೂಡಿನಿಂದಲೇ ಟಿಕೆಟ್ಟಿನ ದಿನ ಬದಲಾಯಿಸಿಕೊಟ್ಟಳು. ಬೆಳಗಾದ ಮೇಲೆ ಶಾಜಿ ತನ್ನ ತರಕಾರಿ ವ್ಯಾನಿನಲ್ಲಿ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. "ಇಲ್ಲಿ ಗೇಟಿಲ್ಲ ಚೇಚೀ, ಯಾವಾಗ ಬೇಕಾದರೂ ಹೋಗಬಹುದು" ಅಂತ ಹೇಳಿ ನಕ್ಕ.

ವಿಮಾನಕ್ಕೆ ಹೊತ್ತಿತ್ತು. ಗಾಜಿನ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಎದುರಿನ ಸಾಲಿನಲ್ಲಿ ಒಬ್ಬ ಬಿಳಿಯ ಮುದುಕ ತನ್ನ ಹೆಂಡತಿಯ ಕಾಲು ತೊಡೆಯ ಮೇಲಿಟ್ಟುಕೊಂಡು ಎಲ್ಲರೆದುರಿಗೆ ಒತ್ತುತ್ತಿದ್ದ. ನಾನು ಸೊಂಟದ ಚೀಲದಿಂದ ಎರಡೂ ಕಾರ್ಡು ತೆಗೆದೆ. ಉಗುರಿಗಿಂತ ಸ್ವಲ್ಪ ದೊಡ್ಡವು.

"ಕ್ಯಾಮೆರಾ ಇದ್ದುದ್ದು ನಿಮಗೆ ಗೊತ್ತಿತ್ತಾ?"

ಇವರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡರು.

"ಗೊತ್ತಿತ್ತು. ಸೈನ್ ಮಾಡ್ಸುವಾಗ್ಲೇ ಯೋಳಿದ್ರು, ಕೋಣೇಲೂ ಇರ್ತದೆ ಅಂತ. ಸಂಸಾರಸ್ಥರು ನೋಡೋ ಶೋ ಅನ್ಕಂಡೆ ಕಣಮ್ಮಿ. ಇಂಥದ್ದು ಅಂತ ನಮ್ಮಪ್ಪನಾಣೆಗೂ ಗೊತ್ತಿರ್ಲಿಲ್ಲ."

"ನಮ್ಮವ್ವನ ಸಾವು ಟೀವೀಲಿ ಬರ್ಲಿ ಅಂತ ಯೋಳುದ್ರಾ ಹಂಗಾರೆ?"

"ಅಲ್ಲ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಮನೇಲಿ ಎಷ್ಟ್ ಸಲ ಯೋಳಕ್ಕೆ ಓದೆ. ಅವ್ವ ಅಂತ ಬಾಯ್ ತೆಗುದ್ರೆ ಸಾಕು, ನೀನು ಬೂಟ್ ಆಕ್ಕಂಡು ಕಾಡಿಗೆ ಒಂಟೋಗ್ತಿದ್ದೆ. ರಜ ಇದ್ರೂ ಓಯ್ತಿದ್ದೆ. ಇಲ್ಲಿ ನಿಂಗೆ ಓಗಕ್ಕೆ ಕಾಡಿರ್ಲಿಲ್ಲ. ಇನ್ನು ನೀನು ಕೇಳ್ದೆ ಇದ್ರೂ ಕ್ಯಾಮೆರಾದಲ್ಲಿ ಉಳ್ಕತದೆ, ಯಾವತ್ತೋ ಒಂದಿನ ನೋಡ್ತೀಯ ಅನ್ಕಂಡೆ."

ಹದಿನೆಂಟು ವರ್ಷ ಊರವರನ್ನೆಲ್ಲ ನಿಲ್ಲಿಸಿ ಪ್ರಶ್ನೆ ಕೇಳಿದವಳು ಮನೆಯಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಉತ್ತರಕ್ಕೆ ಹೆದರಿ ನಾನೇ ಓಡಿಹೋಗುತ್ತಿದ್ದೆ. ಅದನ್ನು ಸಿಟ್ಟು ಅಂತ ಕರೆದುಕೊಂಡಿದ್ದೆ, ಅಷ್ಟೇ.

ಒಂದು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ.

"ಒಡೀಬ್ಯಾಡ ಕಣಮ್ಮಿ. ಇನ್ನೊಂದ್ ಸಲ ಯೋಳು ಅಂದ್ರೆ ನನ್ ಕೈಲಾಗಾಕಿಲ್ಲ."

ಎರಡನ್ನೂ ಮುರಿದೆ. ಚೂರುಗಳನ್ನು ಎದ್ದು ಹೋಗಿ ಎರಡು ಬೇರೆ ಬೇರೆ ಕಸದ ಡಬ್ಬಿಗೆ ಹಾಕಿ ಬಂದು ಕೂತೆ.

"ಅಲ್ಲಿ ಯೋಳಿದ್ದು ಕ್ಯಾಮೆರಾಕ್ಕೆ" ಅಂದೆ. "ಈಗ ನಂಗೆ ಯೋಳಿ. ಬೆಕ್ಕು ಅನ್ಕಂಡೆ ಅಂದ್ರಲ್ಲ, ನಮ್ಮನೇಲಿ ಬೆಕ್ಕೆಲ್ಲಿತ್ತು?"

ಇವರು ಕೈಯಲ್ಲಿದ್ದ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಕರುದ್ರು ಕಣಮ್ಮಿ. ಎರಡ್ ಸಲ ಕರುದ್ರು. ಸ್ವಾಮಿ, ಸ್ವಾಮಿ ಅಂತ. ಡಬಲ್ ಡ್ಯೂಟಿ ಮಾಡಿ ಬಂದು ಆಗ್ತಾನೆ ಕುಂತಿದ್ದೆ. ದಿನಾ ಕರೀತಿದ್ರಲ್ಲ, ಎಲೆ ತತ್ತಾ, ನೀರ್ ತತ್ತಾ ಅಂತ, ಅಂಗೇ ಅನ್ಕಂಡೆ." ಆಮೇಲೆ ಬಂದದ್ದು ನನಗೆ ಮಾತ್ರ ಕೇಳುವಷ್ಟು. "ಟೀವಿ ಸೌಂಡ್ ಜಾಸ್ತಿ ಮಾಡ್ದೆ."

ಬೆಂಗಳೂರಿನ ವಿಮಾನಕ್ಕೆ ಸಾಲು ನಿಲ್ಲಲು ಕರೆದರು. ಸುತ್ತಲಿದ್ದವರೆಲ್ಲ ಎದ್ದರು, ಚೀಲ ಎತ್ತಿಕೊಂಡರು. ನನ್ನ ಕಾಲಿಗೂ ಏಳಬೇಕು ಅನ್ನಿಸಿತು. ಎಲ್ಲಿಗಾದರೂ ಸರಿ, ಇವರು ಇಲ್ಲದ ಕಡೆಗೆ. ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ. ಅವ್ವ ಇವರನ್ನು ಸ್ವಾಮಿ ಅಂತಲೇ ಕರೆಯುತ್ತಿದ್ದಳು, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಆ ಎಳೆತ ಕಿವಿಯಲ್ಲಿ ಕೇಳಿಸಿತು. ಕೇಳಿಸಿಕೊಂಡೆ.

ಸಾಲು ಅರ್ಧ ಕರಗಿದ ಮೇಲೆ ಕೇಳಿದೆ.

"ಇನ್ನೇನಾದ್ರೂ ಉಳ್ಕಂಡದಾ?"

"ಇಲ್ಲ ಕಣಮ್ಮಿ. ಇಷ್ಟೇಯ."

ಮುಖ ನೋಡಿದೆ. ಈ ಸಲ ಇವರು ಕಣ್ಣು ಕೆಳಗೆ ಹಾಕಲಿಲ್ಲ. ಕ್ಷಮಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ನಂಬಿದೆ.